ಯರಮರಸ್ ರನ್‌ವೇಗೆ ತರಬೇತಿ ವಿಮಾನ ಬರುವ ಮೊದಲೇ ಸದ್ದಿನ ಷರತ್ತು ಬರೆಸಿಕೊಳ್ಳೋಣ

ಬಿಸಿಲೂರು:

ಯರಮರಸ್ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ರಾಯಚೂರಿನಲ್ಲಿ ಎರಡೇ ಪ್ರಶ್ನೆ: ಕೆಲಸ ಯಾವಾಗ ಮುಗಿಯುತ್ತದೆ, ಬೆಂಗಳೂರಿಗೆ ಟಿಕೆಟ್ ಎಷ್ಟಾಗುತ್ತದೆ. ಮೂರನೆಯದೊಂದನ್ನು ಇಲ್ಲಿ ಇಡುತ್ತಿದ್ದೇನೆ. ಪ್ರಯಾಣಿಕರ ವಿಮಾನ ದಿನಕ್ಕೆ ಒಂದೋ ಎರಡೋ ಬಂದು ಹೋದ ಮೇಲೆ ಉಳಿದ ಹೊತ್ತು ಆ ರನ್‌ವೇ ಯಾರ ಕೈಯಲ್ಲಿರುತ್ತದೆ?

ನಮ್ಮಂಥ ಊರುಗಳ ನಿಲ್ದಾಣ ನೋಡಿದರೆ ಉತ್ತರ ಹೊಳೆಯುತ್ತದೆ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಪೈಲಟ್ ತರಬೇತಿ ಸಂಸ್ಥೆಗಳಿಗೆಂದು ಐದು ನಿಲ್ದಾಣ ಆರಿಸಿತು: ಬೆಳಗಾವಿ, ಕಲಬುರಗಿ, ಜಳಗಾಂವ, ಖಜುರಾಹೊ, ಅಸ್ಸಾಮಿನ ಲೀಲಾಬರಿ. ಐದರಲ್ಲಿ ಎರಡು ನಮ್ಮ ರಾಜ್ಯದವು. ಕಲಬುರಗಿ ನಿಲ್ದಾಣ ಶುರುವಾದದ್ದೇ 2019ರ ನವೆಂಬರಿನಲ್ಲಿ, ಎರಡು ವರ್ಷ ತುಂಬುವುದರೊಳಗೆ ತರಬೇತಿಯ ಪಟ್ಟಿಗೆ ಸೇರಿತು. ಖಾಲಿ ರನ್‌ವೇ ಇಟ್ಟುಕೊಂಡು ಖರ್ಚು ಹೊರುವುದಕ್ಕಿಂತ ಬಾಡಿಗೆ ಬರಲಿ ಎಂದು ಯಾವ ಸರಕಾರವಾದರೂ ಯೋಚಿಸುತ್ತದೆ. ನಾಳೆ ರಾಯಚೂರಿಗೂ ಅದೇ ಯೋಚನೆ ಬಂದರೆ ಆಶ್ಚರ್ಯವಿಲ್ಲ.

ತರಬೇತಿ ಶಾಲೆ ಬೇಡ ಎನ್ನುವವನು ನಾನಲ್ಲ. ನಮ್ಮ ಹುಡುಗ ಹುಡುಗಿಯರು ಬೆಂಗಳೂರಿನ ಜಕ್ಕೂರು ಹಾರಾಟ ಶಾಲೆಗೋ ಹೊರದೇಶಕ್ಕೋ ಹೋಗದೆ ಇಲ್ಲೇ ಹಾರುವುದು ಕಲಿತರೆ ಅದಕ್ಕಿಂತ ಸಂತೋಷ ಏನಿದೆ. ನನ್ನ ಒತ್ತಾಯ ಒಂದೇ. ಸದ್ದಿನ ಷರತ್ತುಗಳು ಜಾಗ ಕೊಡುವ ಕರಾರಿನಲ್ಲೇ ಬರಬೇಕು, ಶಾಲೆ ಬರುವ ಮೊದಲೇ ಬರಬೇಕು. ಬಂದ ಮೇಲೆ ಕೇಳಹೋದರೆ ಪ್ರತಿಯೊಂದು ಕಚೇರಿಯೂ ಇನ್ನೊಂದು ಕಚೇರಿಯ ಕಡೆ ಕೈ ತೋರಿಸುತ್ತದೆ.

ತಂಗಿಯ ಮನೆ ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ ಇದೆ, ಹೋದಾಗ ನಾನೇ ಕೇಳಿದ್ದೇನೆ. ದೊಡ್ಡ ವಿಮಾನ ಒಮ್ಮೆ ಗುಡುಗಿ ಹೋಗಿಬಿಡುತ್ತದೆ. ತರಬೇತಿಯದು ಹಾಗಲ್ಲ. ಸದ್ದು ದೂರದಿಂದ ಏರುತ್ತ ಬರುತ್ತದೆ, ಇಳಿಯುವಾಗ ಇಂಜಿನ್ ತಗ್ಗುತ್ತದೆ, ಗಾಲಿ ನೆಲಕ್ಕೆ ತಾಗಿದ ಕೂಡಲೇ ಮತ್ತೆ ಪೂರ್ತಿ ಜೋರು. ನಿಂತಿತು ಅಂದುಕೊಂಡು ಮಗುವನ್ನು ತೊಟ್ಟಿಲಿಗೆ ಹಾಕಿ ಕೈ ತೆಗೆಯುವಷ್ಟರಲ್ಲಿ ಅದೇ ವಿಮಾನ ಸುತ್ತು ಹಾಕಿ ಅದೇ ಮಾಳಿಗೆಯ ಮೇಲೆ ಬಂದಿರುತ್ತದೆ. ಒಂದು ಸುತ್ತಿಗೆ ಐದಾರು ನಿಮಿಷ. ಮನುಷ್ಯನಿಗೆ ಸಾಕೆನಿಸುವುದು ಸದ್ದಿನ ಜೋರಿಗಿಂತ ಹೆಚ್ಚಾಗಿ ಈ ಮರುಕಳಿಕೆಗೆ.

ಕಾನೂನು ಏನಿದೆ ಎಂದು ನೋಡಿದೆ. ಶಬ್ದ ಮಾಲಿನ್ಯ ನಿಯಮಗಳು 2000ರಲ್ಲಿ ಬಂದವು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ವಿಮಾನ ನಿಲ್ದಾಣದ ಸುತ್ತಲಿನ ವಲಯಕ್ಕೆ 2018ರಲ್ಲಿ ಬೇರೆ ಮಿತಿ ಹೊರಡಿಸಿದರು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಚಲನೆ (ವಿಮಾನ ಏರುವುದು ಅಥವಾ ಇಳಿಯುವುದು) ಇರುವಲ್ಲಿ ಹಗಲು 70, ರಾತ್ರಿ 65. 15,000ದಿಂದ 50,000ದವರೆಗೆ ಇರುವಲ್ಲಿ 65 ಮತ್ತು 60. 15,000ಕ್ಕಿಂತ ಕಡಿಮೆ ಇದ್ದರೆ ಈ ಮಿತಿ ಅನ್ವಯಿಸುವುದೇ ಇಲ್ಲ. ಹೊಸ ನಿಲ್ದಾಣ ಮೊದಲ ದಿನದಿಂದ ಈ ಕೊನೆಯ ಗುಂಪಿನಲ್ಲಿ ಇರುತ್ತದೆ. ಅಂದರೆ ನಮ್ಮನ್ನು ಕಾಯುವ ಕಾಗದ ಇನ್ನೂ ಬರೆದಿಲ್ಲ, ಅದನ್ನು ನಾವೇ ಬರೆಸಬೇಕು.

ಗೊತ್ತಿದ್ದವರು ದಯವಿಟ್ಟು ಬರೆಯಿರಿ. ವಕೀಲರು, ಹಾರಾಟ ಬಲ್ಲವರು, ಆ ಕಡೆ ಹೊಲ ಮನೆ ಇರುವವರು ಎಲ್ಲರೂ.

ಗಂಜ್ ರಸ್ತೆ:

ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ಇನ್ನೂ ವಿಮಾನ ಬಂದಿಲ್ಲ, ಆಗಲೇ ಸದ್ದಿನ ತಕರಾರು ಯಾಕ್ರಿ? ಏಮ್ಸ್ ಬೇಕಂತ ವರ್ಷಗಟ್ಟಲೆ ಧರಣಿ ಕುಂತೀವಿ, ಇನ್ನೂ ಬಾಯಿ ಬಡಕೊಳ್ಳೋದು ತಪ್ಪಿಲ್ಲ. ನಮ್ಮ ಭಾಗಕ್ಕ ಏನಾರ ಒಂದು ಬರ್ತದಂದ್ರ ಅದಕ್ಕ ನಾವೇ ಅಡ್ಡಗಾಲು ಹಾಕಿದಂಗ ಆಗಬಾರದು. ಹತ್ತಿ ವ್ಯಾಪಾರಕ್ಕ ಮುಂಬೈ, ಗುಜರಾತ್ ಕಡೆಯಿಂದ ಮಂದಿ ಬರೂದೈತಿ, ಹೈದರಾಬಾದಿಗೆ ಇಳದು ಕಾರು ಹಿಡದು ಬರ್ತಾರ. ಮೊದಲು ನಿಲ್ದಾಣ ಬರಲಿ. ಪೈಲಟ್ ಶಾಲೆ ಬಂದ್ರ ಹಾಸ್ಟೆಲ್, ಮೆಸ್, ಬಾಡಿಗಿ ಮನಿ, ನಾಲ್ಕು ಮಂದಿಗೆ ಕೆಲಸ. ಸದ್ದು ಆಮ್ಯಾಲೆ ನೋಡೋಣ್ರಿ.

ಬಿಸಿಲೂರು:

ನಿಮ್ಮ ಕಳಕಳಿ ನನಗೂ ಇದೆ. ಆದರೆ ಕರಾರಿನಲ್ಲಿ ನಾಲ್ಕು ಸಾಲು ಸೇರಿಸಿದರೆ ಯೋಜನೆ ನಿಲ್ಲುವುದಿಲ್ಲ. ಶಾಲೆಯವರು ವಿಮಾನ ತಂದು, ಹ್ಯಾಂಗರ್ ಕಟ್ಟಿ, ಮಕ್ಕಳಿಂದ ಲಕ್ಷಗಟ್ಟಲೆ ಫೀ ತೆಗೆದುಕೊಂಡ ಮೇಲೆ ಹೊತ್ತು ಬದಲಿಸಿ, ದಿಕ್ಕು ಬದಲಿಸಿ ಎಂದರೆ ಅದು ಅವರಿಗೂ ಅನ್ಯಾಯ. ಮೊದಲೇ ಗೊತ್ತಿದ್ದರೆ ಅದಕ್ಕೆ ಹೊಂದುವಂತೆ ವೇಳಾಪಟ್ಟಿ ಹಾಕಿಕೊಂಡು ಬರುತ್ತಾರೆ.

ಸಾವಿರ ಅಡಿ:

ನಾನು ರಾಯಚೂರು ಜಿಲ್ಲೆಯವನೇ. ತರಬೇತಿ ಮುಗಿಸಿ ಈಗ ಬೇರೆ ರಾಜ್ಯದಲ್ಲಿ ಕಲಿಸುವ ಕೆಲಸದಲ್ಲಿದ್ದೇನೆ. ಹಾರುವವರ ಕಡೆಯ ಮಾತು ಹೇಳುತ್ತೇನೆ, ಇದು ನಿಮ್ಮ ಬೇಡಿಕೆಗೆ ಅನುಕೂಲವೇ ಆಗಬಹುದು.

ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ತಾಸು ಹಾರಬೇಕು. ಮೊದಲ ಹಂತವೆಲ್ಲ ರನ್‌ವೇ ಸುತ್ತಲೇ. ಏರು, ತಿರುಗು, ರನ್‌ವೇಗೆ ಸಮಾನಾಂತರವಾಗಿ ಹೋಗು, ಮತ್ತೆ ತಿರುಗು, ಇಳಿ, ನಿಲ್ಲದೆ ಮತ್ತೆ ಏರು. ಇದನ್ನು ಸರ್ಕ್ಯೂಟ್ ಅನ್ನುತ್ತೇವೆ, ಸಾಮಾನ್ಯವಾಗಿ ನೆಲದಿಂದ 1,000 ಅಡಿ ಎತ್ತರದಲ್ಲಿ. ಇಳಿಯುವುದು ಕೈಗೆ ಕೂಡದೆ ಹುಡುಗನನ್ನು ಒಬ್ಬನೇ ಬಿಡುವ ಹಾಗಿಲ್ಲ. ಹಾಗಾಗಿ ಸರ್ಕ್ಯೂಟ್ ಕಡಿಮೆ ಮಾಡಿ ಎಂದರೆ ಅದು ಸುರಕ್ಷತೆಗೆ ಕೈ ಹಾಕಿದಂತೆ. ಎಲ್ಲಿ ಮಾಡಬೇಕು, ಯಾವಾಗ ಮಾಡಬೇಕು ಎಂದು ಕೇಳಿ. ಅದು ನ್ಯಾಯವಾದ ಪ್ರಶ್ನೆ.

ಸದ್ದು ಬರುವುದು ಇಂಜಿನ್ನಿನಿಂದಷ್ಟೇ ಅಲ್ಲ, ಬಹುಪಾಲು ಪ್ರೊಪೆಲ್ಲರಿನದು. ಸೆಸ್ನಾ 172ರ ಪ್ರೊಪೆಲ್ಲರ್ ಹತ್ತಿರಹತ್ತಿರ ಎರಡು ಮೀಟರ್ ಉದ್ದ. ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಅದರ ತುದಿ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಗಾಳಿ ಸೀಳುತ್ತದೆ. ಶಬ್ದದ ವೇಗದ ಮೂರನೇ ಎರಡು ಭಾಗಕ್ಕಿಂತ ಹೆಚ್ಚು. ಏರುವಾಗ ಪೂರ್ತಿ ಶಕ್ತಿ ಕೊಟ್ಟಿರುತ್ತೇವೆ, ಆಗಲೇ ಸದ್ದು ಹೆಚ್ಚು.

ರಾಯಚೂರಿನ ಬಿಸಿಲು ಇಲ್ಲಿ ದೊಡ್ಡ ಸಂಗತಿ. ಊರು ಸಮುದ್ರ ಮಟ್ಟದಿಂದ 400 ಮೀಟರ್ ಎತ್ತರ. 43 ಡಿಗ್ರಿ ಬಿಸಿಲಿನಲ್ಲಿ ಗಾಳಿ ಎಷ್ಟು ತೆಳುವಾಗುತ್ತದೆ ಎಂದರೆ ಇಂಜಿನ್ನಿಗೂ ರೆಕ್ಕೆಗೂ 5,000 ಅಡಿ ಎತ್ತರದಲ್ಲಿ ಇದ್ದ ಲೆಕ್ಕ. ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ, ಅಂದರೆ ಮನೆಗಳ ಮೇಲೆ ಕೆಳಮಟ್ಟದಲ್ಲಿ ಹೆಚ್ಚು ಹೊತ್ತು ಪೂರ್ತಿ ಶಕ್ತಿಯ ಸದ್ದು. ಮಧ್ಯಾಹ್ನ ನೆಲದಿಂದ ಏಳುವ ಬಿಸಿಗಾಳಿಗೆ ಸಣ್ಣ ವಿಮಾನ ಕುಲುಕಾಡುತ್ತದೆ, ಹೊಸಬರಿಗೆ ಅದು ಕಷ್ಟ. ಹೀಗಾಗಿ ಬೇಸಿಗೆಯಲ್ಲಿ ಎಲ್ಲ ಶಾಲೆಗಳೂ ನಸುಕಿನಲ್ಲೇ ಹಾರಲು ಬಯಸುತ್ತವೆ. ಹೊರಗೆ ಕಣ್ಣಿನಿಂದ ನೋಡಿಕೊಂಡು ಮಾಡುವ ಹಾರಾಟಕ್ಕೆ ಸೂರ್ಯೋದಯಕ್ಕೆ 20 ನಿಮಿಷ ಮೊದಲಿನಿಂದ ಸೂರ್ಯಾಸ್ತದ ನಂತರ 20 ನಿಮಿಷದವರೆಗೆ ಅವಕಾಶವಿದೆ.

ಬಿಸಿಲೂರು:

ಇದು ನನಗೆ ಹೊಳೆದಿರಲಿಲ್ಲ. ಮೇ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು 5:45ರ ಸುಮಾರಿಗೆ. ಅಂದರೆ 5:25ಕ್ಕೇ ಹಾರಬಹುದು. ಶಬ್ದ ನಿಯಮದ ಪ್ರಕಾರ 6 ಗಂಟೆಯವರೆಗೆ ರಾತ್ರಿ. ಒಂದು ನಿಯಮದಲ್ಲಿ ಬೆಳಗಾಗಿದೆ, ಇನ್ನೊಂದರಲ್ಲಿ ಇನ್ನೂ ಮಲಗುವ ಹೊತ್ತು. ಬೇಸಿಗೆಯಲ್ಲಿ ನಮ್ಮ ಅರ್ಧ ಊರು ಮಾಳಿಗೆಯ ಮೇಲೆ ಮಲಗುತ್ತದೆ. ರಾತ್ರಿ ಒಂದು ಗಂಟೆಯತನಕ ಕಲ್ಲು ಕಾವು ಬಿಡುವುದಿಲ್ಲ, ನಿದ್ದೆ ಹತ್ತುವುದೇ ನಸುಕಿನ ತಂಪಿಗೆ. ಗೋಡೆ, ಕಿಟಕಿ ಯಾವುದರ ಅಡ್ಡವೂ ಇಲ್ಲದೆ ನೇರ ಆಕಾಶದ ಕೆಳಗೆ ಮಲಗಿರುವವರಿಗೆ ಆ ಸದ್ದು ಏನಾಗಬಹುದು ಎಂದು ಲೆಕ್ಕ ಹಾಕಿದವರು ಯಾರೂ ಇಲ್ಲ.

ಮೂರನೇ ಪಾಳಿ:

ಯರಮರಸ್ ಕ್ಯಾಂಪ್ ಕಡೆ ನಮ್ಮ ಮನಿ ಐತ್ರಿ. ಥರ್ಮಲ್ ಪ್ಲಾಂಟಿನ್ಯಾಗ ಕಾಂಟ್ರಾಕ್ಟ್ ಕೆಲಸ, ರಾತ್ರಿ ಪಾಳಿ ಬಂದಾಗ ಮುಂಜಾನೆ ಏಳಕ್ಕ ಮನಿ ಸೇರ್ತೀವಿ. ನಮ್ಮಂಥೋರಿಗೆ ರಾತ್ರಿ ಶುರು ಆಗೂದೇ ಆವಾಗ. ಹಗಲು 55, ರಾತ್ರಿ 45 ಅಂತ ಬರದಾರಲ್ಲ, ಅದರಾಗ ನಾವು ಎಲ್ಲಿ ಬರ್ತೀವ್ರಿ? ಶಕ್ತಿನಗರ ಒಂದು ಕಡೆ, ಯರಮರಸ್ ಒಂದು ಕಡೆ, ಎರಡೂ ಪ್ಲಾಂಟ್ ಸೇರಿ 3,300 ಮೆಗಾವಾಟ್ ಕರೆಂಟು ಇಲ್ಲಿಂದ ಹೋಗ್ತದ. ಅದನ್ನ ನಡಸಾಕ ಎಷ್ಟು ಮಂದಿ ರಾತ್ರಿ ಎದ್ದಿರ್ತಾರಂತ ಯಾರಾದ್ರೂ ಕೇಳ್ಯಾರೇನು? ಹಗಲು ನಿದ್ದಿ ಇಲ್ಲದ ಮನುಷ್ಯಾ ರಾತ್ರಿ ಕನ್ವೇಯರ್ ಬೆಲ್ಟ್ ಹತ್ತಿರ ನಿಂತ್ರ ಏನಾಗ್ತದ ಅಂತ ನಾ ಹೇಳಬೇಕಾಗಿಲ್ಲ.

ನಾ ಬ್ಯಾಡ ಅನ್ನಂಗಿಲ್ಲ. ಮಧ್ಯಾಹ್ನ ಒಂದು ನಾಲ್ಕು ತಾಸು ಸುಮ್ಮನಿದ್ರ ಸಾಕು. ಮಕ್ಕಳೂ ಮುದುಕರೂ ಬಿಸಿಲಾಗ ಅದೇ ಹೊತ್ತಿಗೆ ಅಡ್ಡಾಗ್ತಾರ.

ಸಾವಿರ ಅಡಿ:

ಅಣ್ಣಾ, ನಿಮ್ಮ ಮಾತು ಕೊಡಬಹುದಾದ ಮಾತು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಹೇಗೂ ಹೊಸಬರನ್ನು ಹಾರಿಸುವುದು ಒಳ್ಳೆಯದಲ್ಲ. ಅದನ್ನು ವರ್ಷವಿಡೀ ಸರ್ಕ್ಯೂಟಿಗೆ ಬಿಡುವಿನ ಹೊತ್ತು ಎಂದು ಬರೆದರೆ ಶಾಲೆಗೆ ದೊಡ್ಡ ನಷ್ಟವಿಲ್ಲ. ದೂರ ಹೋಗುವ ಕ್ರಾಸ್ ಕಂಟ್ರಿ ಹಾರಾಟ ಆ ಹೊತ್ತಿಗೆ ನಡೆಯಲಿ, ಅದು ಒಮ್ಮೆ ಏರಿ ಹೋದರೆ ತಾಸುಗಟ್ಟಲೆ ವಾಪಸ್ ಬರುವುದಿಲ್ಲ.

ಭೌತಶಾಸ್ತ್ರ ಮೇಷ್ಟ್ರು:

ಮಿತಿಗಳ ಬಗ್ಗೆ ಒಂದು ಎಚ್ಚರಿಕೆ. 55 ಡೆಸಿಬಲ್ ಎಂದು ಬರೆದಿರುವುದು ಆ ಕ್ಷಣದ ಸದ್ದಿಗಲ್ಲ, ಸರಾಸರಿಗೆ. ಲೆಕ್ಕ ಹಾಕಿ ತೋರಿಸುತ್ತೇನೆ.

ಎರಡು ವಿಮಾನ ಸರ್ಕ್ಯೂಟಿನಲ್ಲಿವೆ, ಒಂದೊಂದು ಸುತ್ತಿಗೆ ಆರು ನಿಮಿಷ ಎಂದುಕೊಳ್ಳಿ. ನಿಮ್ಮ ಮನೆಯ ಮೇಲೆ ತಾಸಿಗೆ 20 ಸಲ. ಪ್ರತಿ ಸಲ 15 ಸೆಕೆಂಡು, 70 ಡೆಸಿಬಲ್ ಎಂದು ಹಿಡಿಯೋಣ. ಒಟ್ಟು 300 ಸೆಕೆಂಡು, ತಾಸಿನ ಹನ್ನೆರಡನೇ ಒಂದು ಭಾಗ. ಆ ತಾಸಿನ ಸರಾಸರಿ ಸುಮಾರು 59 ಡೆಸಿಬಲ್ ಆಗುತ್ತದೆ, ವಸತಿ ಮಿತಿಯನ್ನು ಮೀರುತ್ತದೆ. ಆದರೆ ಅದೇ ಹಾರಾಟ ದಿನಕ್ಕೆ ಮೂರು ತಾಸು ಮಾತ್ರ ನಡೆದು, ಸರಾಸರಿಯನ್ನು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗಿನ 16 ತಾಸಿಗೂ ಹರಡಿದರೆ ವಿಮಾನದ ಪಾಲು 52ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ನಿಮ್ಮ ಮನೆಯ ಮೇಲೆ ವಿಮಾನ 60 ಸಲ ಹಾದುಹೋಗಿದೆ, ವರದಿಯಲ್ಲಿ ಏನೂ ಆಗಿಲ್ಲ.

ಆದ್ದರಿಂದ ಕರಾರಿನಲ್ಲಿ ಬರೀ ಡೆಸಿಬಲ್ ಬರೆಸಬೇಡಿ. ಒಂದು ತಾಸಿಗೆ ಎಷ್ಟು ಸುತ್ತು, ದಿನಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆ ಬರೆಸಿ. ಸಂಖ್ಯೆಯನ್ನು ಯಾರು ಬೇಕಾದರೂ ಎಣಿಸಬಹುದು, ಡೆಸಿಬಲ್‌ಗೆ ಪ್ರಮಾಣೀಕರಿಸಿದ ಯಂತ್ರ ಬೇಕು. ಮೊಬೈಲ್ ಆ್ಯಪಿನ ಅಳತೆ ತೋರಿಸಿದರೆ ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ಇನ್ನೊಂದು ಸಂಗತಿ. ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 500 ಅಡಿಯಲ್ಲಿ ಹಾದುಹೋಗುವುದಕ್ಕೂ 1,000 ಅಡಿಯಲ್ಲಿ ಹಾದುಹೋಗುವುದಕ್ಕೂ ಕಿವಿಗೆ ಸ್ಪಷ್ಟ ವ್ಯತ್ಯಾಸವಿದೆ. ದಾರಿಯನ್ನು ಒಂದು ಕಿಲೋಮೀಟರ್ ಸರಿಸಿದರೆ ಯಾವ ದಂಡವೂ ಕೊಡಲಾರದ ಪರಿಹಾರ ಸಿಗುತ್ತದೆ.

ಬಿಸಿಲೂರು:

ಮೇಷ್ಟ್ರೇ, ಅದೇ ಲೆಕ್ಕವನ್ನು 2018ರ ನಿಯಮದ 15,000 ಚಲನೆಗೂ ಹಾಕಿ ನೋಡಿದೆ. ಇಳಿದದ್ದು ಒಂದು, ಏರಿದ್ದು ಒಂದು ಎಂದು ಎಣಿಸಿದರೆ ಒಂದು ಟಚ್ ಅಂಡ್ ಗೋ (ಗಾಲಿ ತಾಗಿಸಿ ನಿಲ್ಲದೆ ಮತ್ತೆ ಏರುವುದು) ಎರಡು ಚಲನೆ. ವರ್ಷಕ್ಕೆ 300 ದಿನ ಹಾರಾಟ ಎಂದರೂ ದಿನಕ್ಕೆ 25 ಸುತ್ತು ಆದರೆ 15,000 ಮುಟ್ಟುತ್ತದೆ. ಒಂದೇ ವಿಮಾನಕ್ಕೆ ಎರಡೂವರೆ ತಾಸಿನ ಕೆಲಸ. ತರಬೇತಿಯ ಸುತ್ತುಗಳನ್ನೂ ಚಲನೆಯೆಂದು ಎಣಿಸಿ ತಿಂಗಳಿಗೊಮ್ಮೆ ಪ್ರಕಟಿಸಬೇಕು ಎಂಬುದು ನಮ್ಮ ಬೇಡಿಕೆಯಲ್ಲಿ ಬರಲೇಬೇಕು. ಆ ಲೆಕ್ಕ ಹೊರಗೆ ಬರದಿದ್ದರೆ 2018ರ ಮಿತಿ ನಮಗೆ ಯಾವತ್ತೂ ಸಿಗುವುದಿಲ್ಲ.

ಕೋರ್ಟು ಕಟ್ಟೆ:

ಕಾನೂನಿನ ದಾರಿ ಎಲ್ಲಿ ಮುಚ್ಚಿದೆ, ಎಲ್ಲಿ ತೆರೆದಿದೆ ಎಂದು ಹೇಳುತ್ತೇನೆ.

ಮುಚ್ಚಿರುವುದು: ಸಂವಿಧಾನದ ಏಳನೇ ಅನುಸೂಚಿ, ಕೇಂದ್ರ ಪಟ್ಟಿಯ 29ನೇ ನಮೂದು. ವಾಯುಮಾರ್ಗ, ವಿಮಾನ, ವಿಮಾನ ಸಂಚಾರ ನಿಯಂತ್ರಣ ಎಲ್ಲ ಕೇಂದ್ರಕ್ಕೆ ಸೇರಿದ್ದು. 1934ರ ಹಳೆಯ ವಿಮಾನ ಕಾಯ್ದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮ 2024 ಬಂದಿದೆ, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅಲ್ಲೂ ಅಧಿಕಾರ ದಿಲ್ಲಿಯದೇ. ಸ್ಥಳೀಯ ಸಂಸ್ಥೆ ಒಂದು ಠರಾವು ಮಾಡಿ ಬೆಳಿಗ್ಗೆ 6ರ ಮೊದಲು ಹಾರಬಾರದು ಎಂದರೆ ಅದು ನಿಲ್ಲುವುದಿಲ್ಲ. ಶಬ್ದ ನಿಯಮದಡಿ ಜಿಲ್ಲಾಧಿಕಾರಿಗೆ, ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ದೂರು ಕೊಡಬಹುದು. ಮಿತಿಗಿಂತ 10 ಡೆಸಿಬಲ್ ಮೀರಿದರೆ ದೂರಿಗೆ ನೆಲೆಯಿದೆ. ಆದರೆ ಧ್ವನಿವರ್ಧಕ ಜಪ್ತಿ ಮಾಡಿದಷ್ಟು ಸುಲಭವಾಗಿ ಅವರು ವಿಮಾನಕ್ಕೆ ಕೈ ಹಚ್ಚುವುದಿಲ್ಲ.

ತೆರೆದಿರುವುದು ನೆಲದ ದಾರಿ. ಯರಮರಸ್ ನಿಲ್ದಾಣ ರಾಜ್ಯ ಸರಕಾರದ ಯೋಜನೆ. ಹ್ಯಾಂಗರಿಗೆ ಜಾಗ, ರನ್‌ವೇ ಬಳಸುವ ಹಕ್ಕು ಕೊಡುವವರು ನೆಲದ ಒಡೆಯರು. ಬಾಡಿಗೆ ಕರಾರಿನಲ್ಲಿ ಅವರು ಯಾವ ನ್ಯಾಯವಾದ ಷರತ್ತನ್ನೂ ಹಾಕಬಹುದು. ಗುತ್ತಿಗೆದಾರ ಒಪ್ಪಿ ಸಹಿ ಮಾಡಿದರೆ ಅದು ಅವನನ್ನು ಕಟ್ಟಿಹಾಕುತ್ತದೆ, ಅದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ. ಸುರಕ್ಷತೆಗೆ ಧಕ್ಕೆ ಬರುವ ಷರತ್ತು ಮಾತ್ರ ಹಾಕುವಂತಿಲ್ಲ. ಬಿಸಿಲೂರು ಅವರು ಸರಿಯಾದ ಬಾಗಿಲನ್ನೇ ತಟ್ಟಿದ್ದಾರೆ.

ಎರಡನೆಯ ದಾರಿ ಪರಿಸರ ಅನುಮತಿ. ಈ ಅನುಮತಿ ಬೇಕಾದ ಯೋಜನೆಗಳ ಪಟ್ಟಿ 2006ರ ಅಧಿಸೂಚನೆಯಲ್ಲಿದೆ, ಅದರಲ್ಲಿ ವಿಮಾನ ನಿಲ್ದಾಣ 7(ಎ). ಬಳಕೆ ಬದಲಾಗಿ ತರಬೇತಿ ಸೇರುತ್ತದೆ ಎಂದಾದರೆ ಸದ್ದಿನ ಅಂದಾಜು ಹೊಸದಾಗಿ ಮಾಡಿ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೇಂದ್ರ ಪರಿಸರ ಸಚಿವಾಲಯಕ್ಕೂ ಬರೆಯಬಹುದು.

ಮೂರನೆಯದು ಯಾರೂ ನೋಡದೆ ಬಿಡುವುದು: ಬಡಾವಣೆ. ವಿಮಾನ ನಿಲ್ದಾಣಕ್ಕೆ ಐದೇ ನಿಮಿಷ ಎಂದು ಎನ್‌ಎ (ಕೃಷಿಯೇತರ) ಪ್ಲಾಟ್ ಮಾರುವವರು ಹುಟ್ಟಿಕೊಳ್ಳುತ್ತಾರೆ. ಕಟ್ಟಡದ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು, ಸದ್ದಿನ ಬಗ್ಗೆ ಕೊಳ್ಳುವವನಿಗೆ ಹೇಳುವವರೇ ಇಲ್ಲ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆ ಮಾಡುವಾಗ ರನ್‌ವೇಯ ಎರಡೂ ತುದಿಗಳ ನೇರಕ್ಕೆ ವಸತಿ ಬಡಾವಣೆ ಕೊಡಬೇಡಿ ಎಂದು ಈಗಲೇ ಆಕ್ಷೇಪಣೆ ಹಾಕಬೇಕು. ಜಕ್ಕೂರು ಒಂದು ಕಾಲಕ್ಕೆ ಊರ ಹೊರಗಿತ್ತು. ಬೆಂಗಳೂರು ಅದನ್ನು ಹೇಗೆ ಸುತ್ತಿಕೊಂಡಿದೆ ಎಂದು ನೋಡಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಂಜ್ ರಸ್ತೆ:

ವಕೀಲರ, ಪ್ಲಾಟಿನ ಮಾತು ಖರೆ ಐತ್ರಿ. ಆದ್ರ ಒಂದು ಕೇಳ್ತೀನಿ. ಗಣಪತಿ ಹಬ್ಬದಾಗ ಡಿಜೆ, ಮದುವಿ ಬಂದ್ರ ರಾತ್ರಿ ಎರಡರತನ ಬ್ಯಾಂಡು, ಅದನ್ನೆಲ್ಲ ತಡಕೊಂಡ ಊರಿಗೆ ಸಣ್ಣ ವಿಮಾನ ಏನು ಮಹಾ?

ಕೋರ್ಟು ಕಟ್ಟೆ:

ಡಿಜೆಗೆ ಕಾನೂನು ಇದೆ ಯಜಮಾನ್ರೇ. ಸುಪ್ರೀಂ ಕೋರ್ಟ್ 2005ರ ಜುಲೈಯಲ್ಲಿ ಕೊಟ್ಟ ತೀರ್ಪಿನಲ್ಲಿ ಶಾಂತವಾಗಿ ಬದುಕುವ ಹಕ್ಕನ್ನು 21ನೇ ವಿಧಿಗೆ ಸೇರಿಸಿ ಹೇಳಿದೆ. ತನ್ನ ಮನೆಯಲ್ಲಿ ಕೂತವನ ಕಿವಿಗೆ ಬಲವಂತವಾಗಿ ಸದ್ದು ತುರುಕುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ತಿರುಳು. ಡಿಜೆ ವಿಷಯದಲ್ಲಿ ನಾವು ಸೋತಿದ್ದೇವೆ ಎಂದು ಇಲ್ಲೂ ಸೋಲಬೇಕೆ? ಡಿಜೆ ವರ್ಷಕ್ಕೆ ಕೆಲವು ದಿನ. ಇದು ಮೋಡ ಮಳೆ ಇಲ್ಲದ ಪ್ರತಿದಿನ.

ಸ್ಯಾನ್ ಹೋಸೆ, ಊರು ಮಾನ್ವಿ:

ಇಲ್ಲಿ ಅಮೆರಿಕದಲ್ಲೂ ಇದೇ ಗೋಳು, ಕೇಳಿ. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ನಗರ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಜೆಟ್ ವಿಮಾನ ಏರಬಾರದು ಎಂದು ನಗರದ ಕಾನೂನು ಮಾಡಿತ್ತು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು, ಐದಕ್ಕೆ ನಾಲ್ಕು ಮತ. ಆಕಾಶ ಒಕ್ಕೂಟ ಸರಕಾರದ್ದು ಅಂತ. 1990ರಲ್ಲಿ ಬಂದ ಇನ್ನೊಂದು ಕಾಯ್ದೆ ನಿಲ್ದಾಣಗಳು ಹೊಸ ನಿರ್ಬಂಧ ಹಾಕುವುದನ್ನೇ ಕಠಿಣ ಮಾಡಿತು. ಆದರೆ ಅದಕ್ಕಿಂತ ಮೊದಲೇ ಬರೆಸಿಕೊಂಡಿದ್ದ ನಿರ್ಬಂಧಗಳನ್ನು ಅದು ಮುಟ್ಟಲಿಲ್ಲ. ಮೊದಲು ಬರೆಸಿಕೊಂಡ ಊರುಗಳು ಇವತ್ತಿಗೂ ನೆಮ್ಮದಿಯಾಗಿವೆ, ತಡ ಮಾಡಿದ ಊರುಗಳು ಇವತ್ತಿಗೂ ಕೋರ್ಟಿನಲ್ಲಿವೆ.

ಸದ್ದಿನ ಜೊತೆಗೆ ಸೀಸವನ್ನೂ ಮರೆಯಬೇಡಿ. ಪಿಸ್ಟನ್ ಇಂಜಿನ್ನಿನ ಸಣ್ಣ ವಿಮಾನಗಳು ಬಳಸುವ 100ಎಲ್‌ಎಲ್ ಪೆಟ್ರೋಲಿನಲ್ಲಿ ಸೀಸ ಇರುತ್ತದೆ. ಕಾರಿನ ಪೆಟ್ರೋಲಿನಿಂದ ಎಂದೋ ತೆಗೆದ ಸೀಸ ವಿಮಾನದ್ದರಲ್ಲಿ ಉಳಿದಿದೆ. ನಾನಿರುವ ಸ್ಯಾನ್ ಹೋಸೆಯಲ್ಲೇ ರೀಡ್ ಹಿಲ್‌ವ್ಯೂ ಎಂಬ ಸಣ್ಣ ನಿಲ್ದಾಣವಿದೆ, ಸುತ್ತ ಮನೆಗಳು. ಅದರ ಅರ್ಧ ಮೈಲಿಯೊಳಗಿನ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಎಂದು 2021ರಲ್ಲಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆಡಳಿತ ಮಾಡಿಸಿದ ಅಧ್ಯಯನ ಹೇಳಿತು. 2022ರ ಜನವರಿಯಿಂದ ಅಲ್ಲಿ ಸೀಸದ ಪೆಟ್ರೋಲ್ ಮಾರುವುದನ್ನೇ ಕೌಂಟಿ ನಿಲ್ಲಿಸಿತು. ನಿಲ್ದಾಣದ ಒಡೆತನ ಕೌಂಟಿಯದು, ಹಾಗಾಗಿ ಕೈಲಾಯಿತು. ವಕೀಲರು ಹೇಳಿದ ನೆಲದ ಒಡೆತನದ ಮಾತು ಇಲ್ಲೂ ಕೆಲಸ ಮಾಡಿದೆ.

ಸಾವಿರ ಅಡಿ:

ಹೌದು, ಇದನ್ನು ಸೇರಿಸಿ. ಜೆಟ್ ಇಂಧನದಲ್ಲಿ ಓಡುವ ಡೀಸೆಲ್ ಮಾದರಿಯ ಇಂಜಿನ್ ಇರುವ ತರಬೇತಿ ವಿಮಾನಗಳೂ ಇವೆ, ಡೈಮಂಡ್ ಡಿಎ40ಯಲ್ಲಿ ಆ ಮಾದರಿ ಸಿಗುತ್ತದೆ. ಅವುಗಳಿಗೆ ಸೀಸದ ಪೆಟ್ರೋಲ್ ಬೇಕಿಲ್ಲ. ಶಾಲೆಗಳನ್ನು ಆರಿಸುವಾಗ ಇಂಥ ವಿಮಾನ ತರುವವರಿಗೆ ಹೆಚ್ಚು ಅಂಕ ಕೊಡಿ ಎಂದು ಕೇಳಬಹುದು. ಪ್ರತಿ ಮಾದರಿಯ ವಿಮಾನಕ್ಕೂ ಸದ್ದಿನ ಪ್ರಮಾಣಪತ್ರ ಇರುತ್ತದೆ. ಓಟ ಶುರುವಾದ ಜಾಗದಿಂದ 2,500 ಮೀಟರ್ ದೂರದಲ್ಲಿ, ಏರುವ ದಾರಿಯ ಕೆಳಗೆ ಅಳೆದ ಅಂಕಿ ಅದು. ಅದನ್ನು ಕೇಳಿ ಪಡೆದು ಹೋಲಿಸಿ ನೋಡಿ.

ಗಿಣಿಗೇರಿ ಗೆಳೆಯ:

ಕೊಪ್ಪಳದಿಂದ ಬರೆಯಾಕತ್ತೀನಿ. ಗಿಣಿಗೇರಿಯಾಗ ಖಾಸಗಿ ಏರ್‌ಸ್ಟ್ರಿಪ್ ಐತಿ, ನಿಮಗ ಗೊತ್ತೈತಿ. ಅದಕ್ಕಿಂತ ನಮ್ಮ ಸುತ್ತ ಕಾರ್ಖಾನಿ ಭಾಳ. ಕರಿ ಬೂದಿ ಬಟ್ಟಿ ಮ್ಯಾಲೆ, ಬೆಳಿ ಮ್ಯಾಲೆ, ತಾಟಿನ ಮ್ಯಾಲೆ ಬೀಳ್ತದ. 2025ರ ಫೆಬ್ರವರಿಯಾಗ ಇಡೀ ಕೊಪ್ಪಳ ಬಂದ್ ಆತು, ಗವಿಮಠದ ಸ್ವಾಮೀಜಿನೂ ಬೀದಿಗಿಳಿದ್ರು. ನಾವು ಕಲಿತ ಪಾಠ ಹೇಳ್ತೀನಿ. ಷರತ್ತು ಇರಲಿಲ್ಲಂತಲ್ಲ, ಪ್ರತಿ ಕಾರ್ಖಾನಿಗೂ ಅನುಮತಿ ಪತ್ರದಾಗ ಷರತ್ತು ಇದ್ದೇ ಇರ್ತಾವ. ಅದನ್ನ ನೋಡೋರು ಯಾರು, ತಪ್ಪಿದ್ರ ಏನು ಅಂತ ಬರದಿರಂಗಿಲ್ಲ. ರಾತ್ರಿ ಹೊಗಿ ಬಿಟ್ಟು ಹಗಲು ಸುಮ್ಮನಿರೋದು ನಾವು ನೋಡೀವಿ.

ಅದಕ್ಕ ನಿಮ್ಮ ಕರಾರಿನ್ಯಾಗ ಮೂರು ಬರಸ್ರಿ. ಹಾರಾಟದ ದಾಖಲಿ ದಿನಾ ಊರಿನವರಿಗೆ ಕಾಣಬೇಕು. ತಪ್ಪಿದ್ರ ದಂಡ ಎಷ್ಟು ಅಂತ ರೂಪಾಯಿನಾಗ ಇರಬೇಕು. ಸಮಿತಿಯಾಗ ಸುತ್ತಲ ಹಳ್ಳಿಯವರು ಇರಬೇಕು, ಬರೀ ಅಧಿಕಾರಿಗಳು ಸಾಕಾಗಂಗಿಲ್ಲ.

ಸಾವಿರ ಅಡಿ:

ದಾಖಲೆ ಕಷ್ಟವಲ್ಲ. ಬಹಳಷ್ಟು ತರಬೇತಿ ವಿಮಾನಗಳು ತಮ್ಮ ಜಾಗ, ಎತ್ತರವನ್ನು ತಾವೇ ರೇಡಿಯೋದಲ್ಲಿ ಬಿತ್ತರಿಸುತ್ತವೆ, ಫ್ಲೈಟ್‌ರಾಡಾರ್‌ನಂಥ ಆ್ಯಪಿನಲ್ಲಿ ಕಾಣುತ್ತವೆ. ಆ ಉಪಕರಣ ಕಡ್ಡಾಯ ಎಂದು ಬರೆಸಿ. ವಿಟಿ ಎಂದು ಶುರುವಾಗುವ ನೋಂದಣಿ ಅಕ್ಷರಗಳು ವಿಮಾನದ ಮೈಮೇಲೆ ಇರುತ್ತವೆ. ಅಕ್ಷರ, ಹೊತ್ತು, ದಿಕ್ಕು ಮೂರು ಬರೆದಿಟ್ಟರೆ ನಿಮ್ಮ ದೂರನ್ನು ಯಾರೂ ತಳ್ಳಿಹಾಕಲಾರರು.

ಮೆಣಸಿನಕಾಯಿ ಹೊಲ:

ನಮ್ಮ ಹೊಲ ಆ ಕಡೆನೇ ಐತಿ. ಎಲ್ಲರೂ ಮನಿ ಮ್ಯಾಲಿಂದ ಬ್ಯಾಡ, ಹೊಲದ ಮ್ಯಾಲೆ ಹಾರ್ಲಿ ಅಂತೀರಿ. ಹೊಲದಾಗ ನಾವಿರ್ತೀವಿ. ಕಾಯಿ ಬಿಡಿಸೋ ದಿನ ಇಪ್ಪತ್ತು ಮೂವತ್ತು ಹೆಣ್ಣಾಳು ನಸಿಕ್ಲೆ ಬಂದಿರ್ತಾರ, ಕೂಸುಗಳನ್ನ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ ಮಲಗಿಸಿರ್ತಾರ. ಕುರಿ ಹಿಂಡು ಬೆದರಿದ್ರ ಒಂದು ಕಡಿ ಓಡಿ ಇನ್ನೊಬ್ಬರ ಬೆಳಿಯಾಗ ಬೀಳ್ತಾವ, ಜಗಳ ನಮಗ. 2023ರಾಗ ಬೆಳಗಾವಿ ಹತ್ತಿರ ತರಬೇತಿ ವಿಮಾನ ಹೊಲದಾಗ ಇಳದದ್ದು ಟಿವಿಯಾಗ ತೋರಿಸಿದ್ರು. ನಮ್ಮ ಹೊಲದಾಗ ಇಳದು ಬೆಳಿ ಹಾಳಾದ್ರ ಪರಿಹಾರ ಯಾರು ಕೊಡ್ತಾರ? ಅದೂ ಬರೀರಿ.

ಬಿಸಿಲೂರು:

ಅಕ್ಕಾ, ನಿಮ್ಮ ಮಾತಿಗೆ ಮೊದಲ ಜಾಗ. ಊರಿನವರ ನಿದ್ದೆಗಾಗಿ ಸದ್ದನ್ನು ನಿಮ್ಮ ತಲೆಯ ಮೇಲೆ ತಂದಿಡುವುದು ನನ್ನ ಉದ್ದೇಶವಲ್ಲ. ಒಂದೇ ದಾರಿಯಲ್ಲಿ ವರ್ಷವಿಡೀ ಹಾರುವ ಬದಲು ದಿಕ್ಕನ್ನು ಹಂಚಬಹುದೇ?

ಸಾವಿರ ಅಡಿ:

ಆಗುತ್ತದೆ. ಗಾಳಿಯ ದಿಕ್ಕಿಗೆ ತಕ್ಕಂತೆ ಯಾವ ತುದಿಯಿಂದ ಏರಬೇಕು ಎಂಬುದು ನಮ್ಮ ಕೈಯಲ್ಲಿಲ್ಲ, ಎದುರು ಗಾಳಿಗೇ ಏರಬೇಕು. ಆದರೆ ಏರಿದ ಮೇಲೆ ಎಡಕ್ಕೋ ಬಲಕ್ಕೋ ಎಂಬುದನ್ನು ನಿಗದಿ ಮಾಡಬಹುದು. ರೂಢಿ ಎಡಕ್ಕೆ, ಜನವಸತಿ ಇದ್ದ ಕಡೆ ಬಲಕ್ಕೆ ಇಟ್ಟಿರುವ ನಿಲ್ದಾಣಗಳೂ ಉಂಟು. ವಾರಕ್ಕೊಮ್ಮೆ ಬದಲಿಸುವುದು ಬೇಡ, ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಕೊಯ್ಲಿನ ತಿಂಗಳಿಗೆ ಒಂದು, ಉಳಿದ ತಿಂಗಳಿಗೆ ಒಂದು ಎಂದರೆ ನಡೆಯುತ್ತದೆ. ರಾತ್ರಿ ಹಾರಾಟವನ್ನು ಪೂರ್ತಿ ನಿಲ್ಲಿಸಿ ಎಂದು ಮಾತ್ರ ಕೇಳಬೇಡಿ. ಲೈಸೆನ್ಸಿಗೆ ಐದು ತಾಸು ರಾತ್ರಿ ಹಾರಾಟ ಬೇಕು, ಅದರಲ್ಲಿ ಹತ್ತು ಸಲ ಏರಿ ಇಳಿಯಬೇಕು. ರಾತ್ರಿ 9ಕ್ಕೆ ಮುಗಿಸಿ ಎಂದು ಕೇಳಿ.

ಮೂರನೇ ಪಾಳಿ:

ಮಾರ್ಚ್, ಏಪ್ರಿಲ್‌ನ್ಯಾಗ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷಾ ಇರ್ತಾವ. ಪರೀಕ್ಷಾ ಕೇಂದ್ರದ ಮ್ಯಾಲೆ ಬ್ಯಾಡ ಅಂತ ಸೇರಿಸ್ರಿ. ನನ್ನ ಮಗಳು ಮುಂದಿನ ವರ್ಷ ಹತ್ತನೇದು.

ಬಿಸಿಲೂರು:

ಇಲ್ಲಿಯವರೆಗಿನ ಮಾತುಗಳಿಂದ ಮನವಿಯ ಕರಡು ಬರೆದಿದ್ದೇನೆ. ತಿದ್ದುವುದಿದ್ದರೆ ಹೇಳಿ.

ಯರಮರಸ್ ವಿಮಾನ ನಿಲ್ದಾಣದಲ್ಲಿ ಪೈಲಟ್ ತರಬೇತಿಗೆ ಜಾಗ ಕೊಡುವುದಾದರೆ ಕರಾರಿನಲ್ಲಿ ಈ ಷರತ್ತುಗಳನ್ನು ಸೇರಿಸಬೇಕೆಂದು ಕೋರುತ್ತೇವೆ. ಸರ್ಕ್ಯೂಟ್ ಹಾರಾಟ ಬೆಳಿಗ್ಗೆ 6ರ ಮೊದಲು, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರ ನಂತರ ಇರಬಾರದು. ತಾಸಿಗೆ ಮತ್ತು ದಿನಕ್ಕೆ ಗರಿಷ್ಠ ಎಷ್ಟು ಸುತ್ತು ಎಂಬುದನ್ನು ಸುತ್ತಲಿನ ಜನರ ಜೊತೆ ಕೂತು ನಿಗದಿ ಮಾಡಬೇಕು. ಸರ್ಕ್ಯೂಟಿನ ಬದಿಯನ್ನು ಕೊಯ್ಲಿನ ಕಾಲ ನೋಡಿಕೊಂಡು ವರ್ಷದಲ್ಲಿ ಎರಡು ಅವಧಿಗೆ ಹಂಚಬೇಕು. ಆಸ್ಪತ್ರೆಗಳ ಮೇಲೆ ಎಂದೂ, ಪರೀಕ್ಷಾ ಕೇಂದ್ರಗಳ ಮೇಲೆ ಪರೀಕ್ಷೆಯ ದಿನಗಳಲ್ಲಿ ಸರ್ಕ್ಯೂಟ್ ಹಾಯಬಾರದು. ಪ್ರತಿ ಟಚ್ ಅಂಡ್ ಗೋವನ್ನೂ ಎರಡು ಚಲನೆಯೆಂದು ಎಣಿಸಿ ತಿಂಗಳ ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಪ್ರತಿ ವಿಮಾನದಲ್ಲೂ ಜಾಗ ಬಿತ್ತರಿಸುವ ಉಪಕರಣ ಇರಬೇಕು. ಸೀಸವಿಲ್ಲದ ಇಂಧನದ ವಿಮಾನ ತರುವ ಸಂಸ್ಥೆಗೆ ಆದ್ಯತೆ ಸಿಗಬೇಕು. ಹೊಲದಲ್ಲಿ ವಿಮಾನ ಇಳಿದು ಬೆಳೆ ಹಾಳಾದರೆ 30 ದಿನದಲ್ಲಿ ಪರಿಹಾರ ಕೊಡಬೇಕು. ಷರತ್ತು ಮುರಿದರೆ ಪ್ರತಿ ಸಲಕ್ಕೆ ದಂಡ, ಪದೇ ಪದೇ ಮುರಿದರೆ ಕರಾರು ರದ್ದು. ಉಸ್ತುವಾರಿ ಸಮಿತಿಯಲ್ಲಿ ಸುತ್ತಲ ಹಳ್ಳಿ ಮತ್ತು ಬಡಾವಣೆಯ ಪ್ರತಿನಿಧಿಗಳು, ಅವರಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕು.

ಗಂಜ್ ರಸ್ತೆ:

ಇದರಾಗ ಶಾಲಿ ಬ್ಯಾಡ ಅಂತ ಎಲ್ಲೂ ಇಲ್ಲ. ಹಂಗಿದ್ರ ನಂದೂ ಸಹಿ ಹಾಕ್ರಿ. ಒಂದು ಸಾಲು ಕೂಡಿಸ್ರಿ: ನಮ್ಮ ಭಾಗದ ಮಕ್ಕಳಿಗೆ ಸಂವಿಧಾನದ 371(ಜೆ) ಮೀಸಲಾತಿ ಲೆಕ್ಕದಾಗ ಸೀಟು, ಬಡವರ ಮಕ್ಕಳಿಗೆ ಫೀ ರಿಯಾಯಿತಿ. ಸದ್ದು ಕೇಳೋರು ನಾವು, ಕಲಿಯೋರು ಬರೀ ಹೊರಗಿನವರು ಅಂದ್ರ ಅದೂ ಸರಿ ಅಲ್ಲ.

ಕೋರ್ಟು ಕಟ್ಟೆ:

ಸೇರಿಸಿ. ತುರ್ತು ಪರಿಸ್ಥಿತಿ, ಹವಾಮಾನ, ವಿಮಾನ ಸಂಚಾರ ನಿಯಂತ್ರಣದ ಸೂಚನೆ ಇದ್ದಾಗ ಈ ಷರತ್ತುಗಳು ಅನ್ವಯಿಸುವುದಿಲ್ಲ ಎಂದು ಕೊನೆಗೆ ಒಂದು ವಾಕ್ಯ ಇರಲೇಬೇಕು. ಅದಿಲ್ಲದಿದ್ದರೆ ಸುರಕ್ಷತೆಯ ನೆಪ ಹೇಳಿ ಪೂರ್ತಿ ಮನವಿಯನ್ನೇ ಬದಿಗಿಡುತ್ತಾರೆ. ಪ್ರತಿಗಳು ಜಿಲ್ಲಾಧಿಕಾರಿಗೆ, ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ರಾಯಚೂರು ಕಚೇರಿಗೆ. ಪ್ರತಿ ಕಡೆಯೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಮೆಣಸಿನಕಾಯಿ ಹೊಲ:

ನಮ್ಮ ಸಂಘದ ಹೆಣ್ಮಕ್ಕಳ ಸಹಿ ನಾ ತರ್ತೀನಿ. ಓದಾಕ ಬರಲಾರದವರೂ ಅದಾರ, ಅವರಿಗೆ ಕುಂತು ಓದಿ ಹೇಳೇ ಹೆಬ್ಬೆಟ್ಟು ಹಾಕಸ್ತೀನಿ.

ಬಿಸಿಲೂರು:

ಇಬ್ಬರ ಸಾಲೂ ಸೇರಿಸಿದ್ದೇನೆ. ಅಕ್ಕಾ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ ಪ್ರತಿಗಳನ್ನು ನಿಮ್ಮ ಸಂಘಕ್ಕೇ ತಂದು ಕೊಡುತ್ತೇನೆ, ಓದಿ ಹೇಳುವಾಗ ಯಾರಾದರೂ ಹೊಸದೇನಾದರೂ ಹೇಳಿದರೆ ಹಾಳೆಯ ಹಿಂದೆ ಬರೆದುಕೊಳ್ಳಿ, ಕೊಡುವ ಮೊದಲು ಅದನ್ನೂ ಸೇರಿಸೋಣ.